ಮೋಡ ಕಂಡ ರಿವರ್ಸ್

ಬೇಗೂರಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟು, ಕೆಳಗೆ ತಾವಿದ್ದ ರಾಮಾಂಜಿನಪ್ಪನವರಿಗೆ ಕಾರನ್ನು ಮುಂದಕ್ಕೆ ಓಡಿಸಲು ಚೆನ್ನಾಗಿ ಬರುತ್ತಿತ್ತು. ಹಿಂದಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಅವರನ್ನು ದೂರುವಂತೆಯೂ ಇರಲಿಲ್ಲ. ಅವರು ಸ್ಟಿಯರಿಂಗ್ ಹಿಡಿದು ಕಲಿತದ್ದು ಸ್ವಂತ ಹೊಲದಲ್ಲಿ, ಟ್ರಾಕ್ಟರಿನ ಮೇಲೆ. ಹೊಲ ಅಗಲವಾಗಿತ್ತು, ತಿರುಗಬೇಕೆನಿಸಿದಾಗ ದೊಡ್ಡದೊಂದು ಸುತ್ತು ಹಾಕಿಕೊಂಡು ಬಂದರೆ ಆಯಿತು. ಈಗ ಆ ಹೊಲದ ಮೇಲೆ ಅಪಾರ್ಟ್‌ಮೆಂಟುಗಳು ಎದ್ದು, ಸುತ್ತು ಹಾಕುವ ಜಾಗ ಊರಿನಲ್ಲೇ ಇಲ್ಲವಾಗಿತ್ತು.

ಆದರೂ ಅರವತ್ತರ ಹೊಸ್ತಿಲಲ್ಲಿ ಅವರು ಕಾರು ಕೊಂಡರು. ಬರೀ ಕಾರಲ್ಲ, ಕನೆಕ್ಟೆಡ್ ಕಾರು. ಶೋರೂಮಿನ ಬಾಲಾಜಿ ಎಂಬ ಹುಡುಗ ಅದಕ್ಕೆ ಹಾರ ಹಾಕುತ್ತ, ಈ ಗಾಡಿಯ ಚಕ್ರ ರಸ್ತೆಯಲ್ಲಿದ್ದರೂ ಇದರ ತಲೆ ಇರುವುದು ಕ್ಲೌಡಿನಲ್ಲಿ ಎಂದ. ಅದೇ ಸಂಜೆ ಪಕ್ಕದಲ್ಲಿ ಅಂಥದೇ ಇನ್ನೊಂದು ಬಿಳಿ ಕಾರಿಗೂ ಹಾರ ಬೀಳುತ್ತಿತ್ತು. ಬಾಲಾಜಿ ಒಂದು ಕೈಯಲ್ಲಿ ಕುಂಬಳಕಾಯಿ, ಇನ್ನೊಂದರಲ್ಲಿ ಟ್ಯಾಬ್ ಹಿಡಿದು ಎರಡು ಕಾರುಗಳ ನಡುವೆ ಓಡಾಡುತ್ತಿದ್ದ. ಕಾರಿನ ಆ್ಯಪ್ ಹಾಕಲು ರಾಮಾಂಜಿನಪ್ಪನವರ ಫೋನು ಕೇಳಿದ. ಅದರಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ತುಂಬಿಹೋಗಿ ಇನ್ನೊಂದು ಹೂವಿಗೂ ಜಾಗವಿರಲಿಲ್ಲ. ಹಾಗಾಗಿ ಆ್ಯಪ್ ಹೆಂಡತಿ ಮರಿಯಮ್ಮನವರ ಫೋನಿಗೆ ಹೋಯಿತು.

ಕ್ಲೌಡ್ ಎಂದರೇನು ಎಂಬುದನ್ನು ವಿವರಿಸಿದವನು ಎರಡನೇ ಅಂತಸ್ತಿನ ಬಾಡಿಗೆದಾರ ಶ್ರೀಧರ್. ವೈಟ್‌ಫೀಲ್ಡಿನಲ್ಲಿ ಅವನಿಗೆ ಅದೇ ಕೆಲಸ. ಊರಿನ ಇಂಥ ಕಾರುಗಳೆಲ್ಲ ತಾವು ಎಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ, ಎಲ್ಲಿ ಗುಂಡಿ ಬಿತ್ತು ಎಂದು ಕ್ಷಣಕ್ಷಣಕ್ಕೂ ಕ್ಲೌಡಿಗೆ ವರದಿ ಒಪ್ಪಿಸುತ್ತವೆ, ಕ್ಲೌಡ್ ಅದನ್ನು ಬೇಕಾದವರಿಗೆ ಹಂಚುತ್ತದೆ ಎಂದ. ಕ್ಲೌಡ್ ಅಂದರೆ ಮೋಡ ಎಂಬಷ್ಟು ಇಂಗ್ಲಿಷು ರಾಮಾಂಜಿನಪ್ಪನವರಿಗೆ ಗೊತ್ತಿತ್ತು. ಅವರು ತಲೆಯೆತ್ತಿ ನೋಡಿದರು. ನೀರಿನ ಟ್ಯಾಂಕಿನ ಮೇಲೆ ಸಣ್ಣದೊಂದು ಮೋಡ ನಿಂತಿತ್ತು. ಇಷ್ಟು ಚಿಕ್ಕದಕ್ಕೆ ಅಷ್ಟೊಂದು ಜವಾಬ್ದಾರಿಯೇ ಎಂದು ಅವರಿಗೆ ಮೈ ಜುಮ್ಮೆಂದಿತು. ಅಂದಿನಿಂದ ಅವರು ಕಾರಿಗೆ ಬಹುವಚನ ಬಳಸತೊಡಗಿದರು.

ಟೀ ಅಂಗಡಿಯಲ್ಲಿ ಈ ಸುದ್ದಿ ದಿನಕ್ಕೊಂದಿಷ್ಟು ಬೆಳೆಯಿತು. ಗುಂಡಿ ಬರುವ ಮುಂಚೆಯೇ ತಮ್ಮ ಗಾಡಿಗೆ ತಿಳಿಯುತ್ತದೆ ಎಂದರು. ಹಾಗಾದರೆ ಮುಚ್ಚಿಸುವುದಿಲ್ಲವೇ ಎಂದು ದೇವಸ್ಥಾನ ಸಮಿತಿಯ ಅಧ್ಯಕ್ಷ ಭೀಮಪ್ಪ ಕೇಳಿದಾಗ, ಅದು ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ ಎಂದು ಗಂಭೀರವಾಗಿ ಉತ್ತರಿಸಿದರು. ಇಷ್ಟೆಲ್ಲ ಹೇಳಿದ ಮನುಷ್ಯ ಮೂರನೆಯ ದಿನ ಮನೆಯ ಮುಂದೆ ಕಾರನ್ನು ರಿವರ್ಸ್ ಹಾಕಿದರು. ಮುಂದಿನ ಪರದೆಯಲ್ಲಿ ಹಳದಿ ಗೆರೆ, ಕೆಂಪು ಗೆರೆ ಮೂಡಿದವು. ಏನೋ ಕುಯ್ಯೆಂದಿತು. ಅದರ ಬೆನ್ನಿಗೇ ಕಾರಿನೊಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ಅವಳಿಗೆ ಏನು ಉತ್ತರ ಕೊಡುವುದೆಂದು ಇವರು ಯೋಚಿಸುತ್ತಿರುವಾಗಲೇ ಕಾರು ಎದುರು ಮನೆಯ ಆಶಾರಾಣಿಯ ದಾಸವಾಳದ ಕುಂಡಗಳ ಮೇಲೆ ಹತ್ತಿ ನಿಂತಿತು. ಬ್ರೇಕ್ ಪರೀಕ್ಷೆ ಮಾಡುತ್ತಿದ್ದೆ ಎಂದರು ರಾಮಾಂಜಿನಪ್ಪ. ಬೀದಿಯವರು ನಂಬಿದಂತೆ ನಟಿಸಿದರು.

ಇನ್ನು ತಡ ಮಾಡಿದರೆ ಮರ್ಯಾದೆ ಹೋಗುತ್ತದೆ ಎಂದು ಅವರು ಗುಟ್ಟಾಗಿ ದಾಸಪ್ಪನನ್ನು ಹಿಡಿದರು. ದಾಸಪ್ಪ ಒಂದು ಕಾಲಕ್ಕೆ ನೀರಿನ ಟ್ಯಾಂಕರ್ ಓಡಿಸಿ ಬಿಟ್ಟವನು. ಊರಾಚೆ ಹೊಸ ಲೇಔಟೊಂದರಲ್ಲಿ ಸೈಟುಗಳು ಇನ್ನೂ ಮಾರಾಟವಾಗದೆ ಬಯಲಾಗಿ ಬಿದ್ದಿದ್ದವು. ದಿನಾ ಸಂಜೆ ಅಲ್ಲಿ ಪಾಠ. ಮನೆಯಲ್ಲಿ ಮಾತ್ರ ದೇವಸ್ಥಾನದ ಸಮಿತಿ ಸಭೆ ಎಂದು ಹೇಳಿ ಹೊರಡುತ್ತಿದ್ದರು.

ಅಲ್ಲೊಂದು ವಿಚಿತ್ರ ನಡೆಯುತ್ತಿತ್ತು. ರಿವರ್ಸ್ ಸೊಟ್ಟಗಾದಾಗ ಒಮ್ಮೊಮ್ಮೆ ಕಾರಿನ ದೀಪಗಳು ತಾವಾಗಿಯೇ ಪಳಪಳನೆ ಹೊಳೆದು ಆರುತ್ತಿದ್ದವು. ಯಾರೂ ಸ್ವಿಚ್ಚು ಮುಟ್ಟಿರುತ್ತಿರಲಿಲ್ಲ. ಮೊದಲ ದಿನ ದಾಸಪ್ಪ ಬೀಡಿ ಬಿಸಾಡಿ ದೂರ ಸರಿದ. ರಾಮಾಂಜಿನಪ್ಪನವರು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ಮೇಲಿನವರು ನೋಡುತ್ತಿದ್ದಾರೆ, ತಪ್ಪಾದಾಗ ಎಚ್ಚರಿಸುತ್ತಿದ್ದಾರೆ. ಅಂದಿನಿಂದ ದೀಪ ಹೊಳೆದಾಗಲೆಲ್ಲ ಅವರು ಕಾರು ನಿಲ್ಲಿಸಿ, ಸ್ಟಿಯರಿಂಗಿಗೆ ಕೈಮುಗಿದು, ಮೊದಲಿನಿಂದ ಶುರು ಮಾಡುತ್ತಿದ್ದರು. ದಾಸಪ್ಪನೂ ಬಯಲಿಗೆ ಬರುವ ಮುನ್ನ ಚಪ್ಪಲಿ ಬಿಡತೊಡಗಿದ.

ಇತ್ತ ಮನೆಯಲ್ಲಿ ಬೇರೆಯೇ ಕಥೆ. ಗಂಡ ಎಲ್ಲಿರಬಹುದೆಂದು ಮರಿಯಮ್ಮನವರು ಒಂದು ಸಂಜೆ ಫೋನು ತೆಗೆದು ನೋಡಿದರು. ಆ್ಯಪಿನ ನಕ್ಷೆಯಲ್ಲಿ ಕಾರಿನ ಚುಕ್ಕೆ ಬೇಗೂರಿನ ದೇವಸ್ಥಾನದ ಹತ್ತಿರ ಇರಲಿಲ್ಲ. ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಟಿ. ದಾಸರಹಳ್ಳಿಯ ಒಂದು ಗಲ್ಲಿಯಲ್ಲಿ, ಒಂದು ಮನೆಯ ಮುಂದೆ ನಿಂತಿತ್ತು. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ. ಆಶಾರಾಣಿಯನ್ನು ಕರೆದು ತೋರಿಸಿದರು. ಕುಂಡಗಳ ನೋವು ಇನ್ನೂ ಹಸಿಯಾಗಿದ್ದ ಆಶಾರಾಣಿ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿ, ಬಾಯಿ ಬಿಟ್ಟು ಏನೂ ಹೇಳದೆ, ಮರಿಯಮ್ಮನವರ ಕೈ ಹಿಡಿದುಕೊಂಡು ಕುಳಿತಳು. ಹೇಳಿದ್ದಕ್ಕಿಂತ ಅದು ಹೆಚ್ಚಾಯಿತು.

ಶ್ರೀಧರನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಈ ಕ್ಲೌಡ್ ಎಂಬುದು ಸುಳ್ಳು ಹೇಳುವುದುಂಟೇ ಎಂದು ಮರಿಯಮ್ಮ ಕೇಳಿದರು. ತನ್ನ ಉದ್ಯೋಗದ ಮಾನದ ಪ್ರಶ್ನೆಯೆಂದು ಅವನು ಎದೆಯುಬ್ಬಿಸಿದ.

“ಮನುಷ್ಯರು ಹೇಳ್ಬಹುದು ಆಂಟಿ, ಕ್ಲೌಡ್ ಸುಳ್ಳು ಹೇಳಲ್ಲ.”

ಒಂದೇ ಒಂದು ತೊಡಕಿತ್ತು. ರಾತ್ರಿ ಕಾರು ಮನೆಯ ಮುಂದೆ ಬಂದು ನಿಂತ ಮೇಲೂ ಚುಕ್ಕೆ ದಾಸರಹಳ್ಳಿಯಲ್ಲೇ ಉಳಿಯುತ್ತಿತ್ತು. ಶ್ರೀಧರನನ್ನು ಕೇಳಿದರೆ, ನೆಟ್‌ವರ್ಕ್ ನಿಧಾನ, ಸಿಂಕ್ ಆಗಲು ಹೊತ್ತು ಬೇಕು ಎಂದು ಹೇಳಿ ಕ್ಯಾಬ್ ಹತ್ತಿದ. ಆಶಾರಾಣಿಯ ವಿವರಣೆ ಇನ್ನೂ ಸ್ಪಷ್ಟವಾಗಿತ್ತು. “ಗಾಡಿ ಬಂದಿದೆ ಅಕ್ಕ. ಮನಸ್ಸು ಅಲ್ಲೇ ಇದೆ,” ಎಂದಳು. ಕಣ್ಣೆದುರಿನ ಕಾರಿಗಿಂತ ಮೋಡದೊಳಗಿನ ಕಾರೇ ಹೆಚ್ಚು ನಿಜ ಎಂದು ಇಬ್ಬರಿಗೂ ಖಚಿತವಾಯಿತು.

ಆ್ಯಪಿನಲ್ಲಿ ಹಾರ್ನಿನ ಗುಂಡಿಯೂ ಇತ್ತು. ಕುಳಿತಲ್ಲಿಂದಲೇ ಒತ್ತಿದರೆ ಕಾರು ಎಲ್ಲಿದ್ದರೂ ಕೂಗುತ್ತದೆ ಎಂದು ಬಾಲಾಜಿ ತೋರಿಸಿಕೊಟ್ಟಿದ್ದ. ಮರಿಯಮ್ಮನವರು ದೀಪ ಹಚ್ಚಿ, ದೇವರಿಗೆ ಕೈಮುಗಿದು, ಆ ಗುಂಡಿಯನ್ನು ಒತ್ತಿ ಹಿಡಿಯತೊಡಗಿದರು. ಆ ಮನೆಯವಳಿಗೆ ಗೊತ್ತಾಗಲಿ, ಬೇಗೂರಿನಲ್ಲಿ ಒಬ್ಬಳು ಎಚ್ಚರವಾಗಿದ್ದಾಳೆ ಎಂದು.

ರಾಮಾಂಜಿನಪ್ಪನವರಿಗೆ ಇದಾವುದೂ ತಿಳಿಯದು. ಮುದ್ದೆಯ ಜೊತೆಗೆ ಬರುತ್ತಿದ್ದ ಅವರೆಕಾಳಿನ ಸಾರು ನಿಂತು ಬರೀ ಮಜ್ಜಿಗೆ ಬರುತ್ತಿತ್ತು. ಅವರು ಬೀದಿಗೆ ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಇಷ್ಟರ ಮೇಲೆ ಒಂದು ಬೆಳಿಗ್ಗೆ ಭೀಮಪ್ಪ ಮನೆಗೇ ಬಂದು, ಸಮಿತಿಯ ಕಡೆಗೆ ತಲೆ ಹಾಕಿ ತಿಂಗಳಾಯಿತಲ್ಲ, ಮೈಗೆ ಹುಷಾರಿಲ್ಲವೇ ಎಂದು ಮರಿಯಮ್ಮನವರ ಮುಂದೆಯೇ ವಿಚಾರಿಸಿದರು. ಕಾಫಿ ಲೋಟ ಕೊಟ್ಟ ಮರಿಯಮ್ಮ ಹಾಗೇ ಒಳಗೆ ಹೋದರು.

ಆ ಸಂಜೆ ಪಾಠ ಮುಗಿಸಿ ಬಂದಾಗ ಮರಿಯಮ್ಮ ಜಗಲಿಯಲ್ಲೇ ಕಾಯುತ್ತಿದ್ದರು.

“ಎಲ್ಲಾ ಗೊತ್ತಾಗೈತೆ ನಂಗೆ. ಎಷ್ಟ್ ದಿನದಿಂದ ನಡೀತಾ ಐತೆ ಇದು?”

ರಾಮಾಂಜಿನಪ್ಪನವರು ಕಾರಿನ ಕೀಲಿಯನ್ನು ಜೇಬಿಗೆ ಸೇರಿಸಿದರು. ದಾಸಪ್ಪ ಬಾಯಿ ಬಿಟ್ಟಿದ್ದಾನೆ ಎಂದುಕೊಂಡರು. “ಕಾರು ಬಂದ ವಾರದಿಂದ,” ಎಂದರು.

“ನಾಚ್ಕೆ ಆಗಲ್ವಾ, ಈ ವಯಸ್ಸಲ್ಲಿ?”

“ಆಯ್ತದೆ. ಅದ್ಕೇ ಯಾರಿಗೂ ಕಾಣ್ದಂಗೆ ಸಂಜೆ ಒತ್ತು ಓಗೋದು.”

“ನನ್ ತಾವ ಒಂದ್ ಮಾತು ಯೋಳ್ಬೇಕು ಅನ್ನುಸ್ಲಿಲ್ವಾ?”

“ಪೂರ್ತಿ ಕೈಗೆ ಬಂದ್ಮೇಲೆ ಯೋಳಣ ಅಂತಿದ್ದೆ. ನಿನ್ನೂ ಒಂದ್ಸಲ ಕೂರುಸ್ಕೊಂಡು ಓಗಿ ತೋರ್ಸಣ ಅಂತ.”

ಮರಿಯಮ್ಮ ಗೋಡೆ ಹಿಡಿದುಕೊಂಡರು. ಇದು ಇನ್ನಾರಿಗೆ ಗೊತ್ತು ಎಂದು ಕೇಳಿದರು.

“ದಾಸಪ್ಪಂಗೆ. ಅವನೇ ಪಕ್ಕದಲ್ಲಿ ನಿಂತು ಯೋಳ್ಕೊಟ್ಟಿದ್ದು.”

ಇಷ್ಟು ಒಪ್ಪಿಕೊಂಡ ಮೇಲೆ ರಾಮಾಂಜಿನಪ್ಪನವರ ಎದೆ ಹಗುರಾಯಿತು. ಅವತ್ತು ಮಜ್ಜಿಗೆಯೂ ಬರಲಿಲ್ಲ. ಆದರೂ ಅವರು ನೆಮ್ಮದಿಯಾಗಿ ನಿದ್ದೆ ಮಾಡಿದರು.

ಮರುದಿನ ಭಾನುವಾರ. ಮರಿಯಮ್ಮನವರು ರೇಷ್ಮೆ ಸೀರೆ ಉಟ್ಟು ಬಂದು ಕಾರಿನಲ್ಲಿ ಕುಳಿತರು. ಸಾಕ್ಷಿಗೆಂದು ಆಶಾರಾಣಿ ಹಿಂದೆ ಕುಳಿತಳು. ದಾರಿ ತಾನು ಹೇಳುತ್ತೇನೆ ಎಂದರು ಮರಿಯಮ್ಮ. ಹೆಂಡತಿ ತಮ್ಮ ವಿದ್ಯೆ ನೋಡಲು ಹೊರಟಿದ್ದಾಳೆ ಎಂದು ರಾಮಾಂಜಿನಪ್ಪನವರು ಹಿಗ್ಗಿ ಲೇಔಟಿನ ಕಡೆ ತಿರುಗಿಸಿದರೆ, ಅಲ್ಲಲ್ಲ, ನೈಸ್ ರಸ್ತೆ ಹತ್ತಿಸಿ ಎಂದು ಅಪ್ಪಣೆಯಾಯಿತು. ಫೋನು ನೋಡಿಕೊಂಡು ಹೆಂಡತಿ ಎಡ ಎಂದರೆ ಎಡ, ಬಲ ಎಂದರೆ ಬಲ. ಬೇಗೂರು ಬಿಟ್ಟು ಒಬ್ಬಳೇ ಎಲ್ಲಿಗೂ ಹೋಗದವಳು ಬೆಂಗಳೂರನ್ನೇ ಅಂಗೈಯಲ್ಲಿ ಹಿಡಿದು ಕುಳಿತಿದ್ದಾಳೆ. ಮೋಡದ ಶಕ್ತಿಗೆ ಅವರು ಮನಸ್ಸಿನಲ್ಲೇ ಮತ್ತೊಮ್ಮೆ ನಮಸ್ಕರಿಸಿದರು.

ತುಮಕೂರು ರಸ್ತೆಗೆ ಬಂದು, ದಾಸರಹಳ್ಳಿ ಹೊಕ್ಕು, ಗಲ್ಲಿಗಳು ಕಿರಿದಾಗುತ್ತ ಹೋಗಿ, ಕೊನೆಗೆ ಮುಂದೆ ದಾರಿಯೇ ಇಲ್ಲದ ಒಂದು ಗಲ್ಲಿಯಲ್ಲಿ ನಿಲ್ಲಿ ಎಂದರು ಮರಿಯಮ್ಮ. ಎದುರಿಗೆ, ಇವರ ಕಾರಿಗೆ ಮುಖ ಮಾಡಿ, ಇವರದೇ ಕಾರು ನಿಂತಿತ್ತು. ಅದೇ ಬಿಳಿ, ಅದೇ ಎತ್ತರ. ನಂಬರಿನ ಕೊನೆಯ ಅಂಕಿ ಮಾತ್ರ ಬೇರೆ. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿದ್ದವು, ಬಾನೆಟ್ಟಿನ ತುಂಬ ಅರಿಶಿನ ಕುಂಕುಮ, ನಾಲ್ಕು ಚಕ್ರಕ್ಕೂ ಹೂವು.

ಮರಿಯಮ್ಮನವರು ಒಮ್ಮೆ ತಾವು ಕುಳಿತ ಕಾರನ್ನೂ ಒಮ್ಮೆ ಎದುರಿನದನ್ನೂ ನೋಡಿದರು. ಎರಡರಲ್ಲಿ ಯಾವುದು ನಿಜವೆಂದು ತಿಳಿಯಲು ಅವರಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಹಾರ್ನಿನ ಗುಂಡಿ ಒತ್ತಿದರು.

ಎದುರಿನ ಕಾರು ಕೂಗಿತು. ಅದರಲ್ಲಿ ನರಪಿಳ್ಳೆ ಇರಲಿಲ್ಲ.

ಗಲ್ಲಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಆರತಿ ತಟ್ಟೆ ಹಿಡಿದೇ ಬಂದರು; ಇದಕ್ಕಾಗಿಯೇ ಕಾದಿದ್ದವರಂತೆ. ಮಹಡಿಯ ಕಿಟಕಿಯಿಂದ ಒಬ್ಬಾಕೆ ಗಾಬರಿಯಿಂದ ಇಣುಕಿ, ತನ್ನ ಫೋನಿನಲ್ಲಿ ಏನನ್ನೋ ಒತ್ತಿದಳು. ರಾಮಾಂಜಿನಪ್ಪನವರ ಕಾರಿನ ದೀಪಗಳು ಪಳಪಳನೆ ಹೊಳೆದವು. ಮರಿಯಮ್ಮ ಮತ್ತೆ ಒತ್ತಿದರು, ಅದು ಕೂಗಿತು. ಕಿಟಕಿಯಾಕೆ ಮತ್ತೆ ಒತ್ತಿದಳು, ಇದು ಹೊಳೆಯಿತು. ಹೀಗೆ ಸ್ವಲ್ಪ ಹೊತ್ತು ಅದು ಕೂಗುವುದು, ಇದು ಕಣ್ಣು ಮಿಟುಕಿಸುವುದು ನಡೆಯಿತು. ರಾಮಾಂಜಿನಪ್ಪನವರು ಸ್ಟಿಯರಿಂಗಿನಿಂದ ಕೈ ತೆಗೆದರು.

“ಮಾತಾಡ್ಕೊಂತಾವ್ರೆ,” ಎಂದರು ಮೆಲ್ಲಗೆ. “ಶ್ರೀಧರ ಯೋಳಿದ್ದ. ನಾವ್ ಮಧ್ಯ ಬಾಯಾಕ್ಬಾರ್ದು.”

ಕಿಟಕಿಯಾಕೆ ಕೆಳಗೆ ಬಂದಳು. ಹೇಮಲತಾ ಎಂದು ಹೆಸರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಊರು ರಾಣೆಬೆನ್ನೂರಿನ ಕಡೆ. ಅವಳ ಹಿಂದೆ ಹಣೆಗೆ ವಿಭೂತಿ ಹಚ್ಚಿದ ತಾಯಿ ಸಿದ್ದಮ್ಮ. ಮರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋಗಿ, ತಮ್ಮ ಯಜಮಾನರ ಕಾರಿಗೆ ಈ ಮನೆಯ ಮುಂದೆ ದಿನಾ ಏನು ಕೆಲಸ ಎಂದು ಕೇಳಿದರು. ಈ ಪ್ರಶ್ನೆ ಕೇಳಿಯೇ ರಾಮಾಂಜಿನಪ್ಪನವರಿಗೆ ತಮ್ಮ ಮೇಲಿದ್ದ ಆರೋಪ ಯಾವುದೆಂದು ಗೊತ್ತಾದದ್ದು. ನಿನ್ನೆ ತಾವು ಒಪ್ಪಿಕೊಂಡದ್ದೆಲ್ಲ ಒಂದೊಂದಾಗಿ ನೆನಪಾಗಿ, ಅವರು ಕಾರಿನಿಂದ ಇಳಿಯಲು ಹೋಗಿ ಸೀಟ್‌ಬೆಲ್ಟಿನಲ್ಲೇ ಸಿಕ್ಕಿಕೊಂಡರು.

ಸಿದ್ದಮ್ಮನಿಗೆ ಬೇರೆ ಚಿಂತೆ. “ಇದು ನಮ್ಮ ಗಾಡಿನ ಐತಿ ತಾಯಿ. ದಿನಾ ದೀಪಾ ಹಚ್ಚೂ ಹೊತ್ತಿಗೆ ತಾನ ಒದರತೈತಿ. ಓಣಿ ಮಂದಿ ಎಲ್ಲಾ ಬಂದು ಕಾಯಿ ಒಡಸ್ತಾರ,” ಎಂದಳು.

ಹೇಮಲತಾ ಮಾತ್ರ ಮರಿಯಮ್ಮನವರ ಕೈಯ ಫೋನನ್ನೇ ನೋಡುತ್ತಿದ್ದಳು. ತನ್ನ ಫೋನನ್ನು ಅದರ ಪಕ್ಕ ಹಿಡಿದಳು. ಅವಳ ಕಾರು ಮನೆ ಮುಂದೆ ನಿಂತಿರುವಾಗಲೇ ಫೋನಿನಲ್ಲಿ ದಿನಾ ಬೇಗೂರಿನಲ್ಲಿ ಓಡಾಡುತ್ತಿತ್ತಂತೆ. ಕಳುವಾಯಿತೋ ಎಂದು ದೀಪದ ಗುಂಡಿ ಒತ್ತಿ ಕಿಟಕಿಯಿಂದ ನೋಡಿದರೆ ಇಲ್ಲಿ ದೀಪ ಹತ್ತುತ್ತಿರಲಿಲ್ಲವಂತೆ. ಶೋರೂಮಿಗೆ ಫೋನು ಮಾಡಿದರೆ ನೆಟ್‌ವರ್ಕ್ ನಿಧಾನ ಎಂದರಂತೆ. ಆಮೇಲೆ ಅವಳು ಬೇಗೂರಿನ ಸಂಜೆಗಳ ಜಾಡನ್ನು ತೆರೆದು ತೋರಿಸಿದಳು. ಒಂದು ಖಾಲಿ ಸೈಟಿನೊಳಗೆ ನೀಲಿ ಗೆರೆ ಹಿಂದೆ ಹೋಗಿ, ಮುಂದೆ ಬಂದು, ಸೊಟ್ಟಗೆ ತಿರುಗಿ, ಮತ್ತೆ ಹಿಂದೆ ಹೋಗಿ, ಬೆಕ್ಕು ಆಡಿ ಬಿಟ್ಟ ನೂಲಿನ ಉಂಡೆಯಂತಾಗಿತ್ತು. ಕೆಳಗೆ ಸಾಲು ಸಾಲು ಎಚ್ಚರಿಕೆ: ಹಿಂದೆ ಅಡಚಣೆ, ಹಿಂದೆ ಅಡಚಣೆ, ಹಿಂದೆ ಅಡಚಣೆ.

“ಅಕ್ಕಾರ, ತಪ್ಪು ತಿಳೀಬ್ಯಾಡ್ರಿ,” ಎಂದಳು ಹೇಮಲತಾ. “ನಿಮ್ಮ ಮನಿಯವರಿಗೆ ರಿವರ್ಸ್ ಬರೂದಿಲ್ಲೇನ್ರಿ?”

ಮರಿಯಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಒಂದು ಅಪರಾಧದಿಂದ ಬಿಡುಗಡೆಯಾದ ಕ್ಷಣದಲ್ಲೇ ಇನ್ನೊಂದರಲ್ಲಿ ಸಿಕ್ಕಿಬಿದ್ದ ರಾಮಾಂಜಿನಪ್ಪನವರು ತಲೆ ತಗ್ಗಿಸಿ, ಮುಂದಕ್ಕೆ ಚೆನ್ನಾಗಿ ಬರುತ್ತದೆ ಎಂದರು. ಆಶಾರಾಣಿಗೆ ಮೊದಲು ನೆನಪಾದದ್ದು ಅವಳ ದಾಸವಾಳ. ಮರಿಯಮ್ಮ ಮೊದಲು ನಕ್ಕರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಆಮೇಲೆ ಮತ್ತೆ ನಕ್ಕರು. ಸಿದ್ದಮ್ಮನೊಬ್ಬಳಿಗೇ ಬೇಸರ. “ಹಂಗಾರ ಗಾಡ್ಯಾಗ ದೇವರು ಇಲ್ಲೇನು?” ಎಂದು ನಿಂಬೆಹಣ್ಣುಗಳನ್ನು ಬಿಚ್ಚತೊಡಗಿದಳು. ಎಲ್ಲರಿಗೂ ಅವಲಕ್ಕಿ, ಚಹಾ ಆಯಿತು. ಗಲ್ಲಿಯಿಂದ ಕಾರನ್ನು ಹಿಂದಕ್ಕೆ ತೆಗೆದುಕೊಟ್ಟವಳು ಹೇಮಲತಾ. ಓಣಿಯೆಲ್ಲ ಎರಡೂ ಬದಿಗೆ ನಿಂತು ನೋಡಿತು. ರಾಮಾಂಜಿನಪ್ಪನವರು ಅಷ್ಟು ಹೊತ್ತೂ ಪಕ್ಕದ ಸೀಟಿನಲ್ಲಿ ಕುಳಿತು, ಏನೋ ಬಿದ್ದುಹೋದದ್ದನ್ನು ಕಾಲ ಬಳಿ ಹುಡುಕುತ್ತಿದ್ದರು.

ಕ್ಲೌಡ್ ಸುಳ್ಳು ಹೇಳುವುದಿಲ್ಲ ಎಂದಿದ್ದ ಶ್ರೀಧರನಿಗೆ ಅವಮಾನವಾದಂತಾಗಿ, ಅವನು ಸಂಬಂಧಪಟ್ಟವರನ್ನೆಲ್ಲ ಮುಂದಿನ ಶನಿವಾರ ವೈಟ್‌ಫೀಲ್ಡಿನ ಕಚೇರಿಗೆ ಕರೆಸಿದ. ಬಾಲಾಜಿಯೂ ಬಂದ. ಹಾರ ಹಾಕುವ ಗಡಿಬಿಡಿಯಲ್ಲಿ ಟ್ಯಾಬಿನಲ್ಲಿ ಇವರ ಫೋನ್ ನಂಬರು ಅವರ ಕಾರಿಗೆ, ಅವರ ಫೋನ್ ನಂಬರು ಇವರ ಕಾರಿಗೆ ಒತ್ತಿಬಿಟ್ಟಿದ್ದನ್ನು ಒಪ್ಪಿಕೊಂಡು, ಮರಿಯಮ್ಮನವರ ಕಣ್ಣಿಗೆ ಬೀಳದಂತೆ ಕಂಬದ ಹಿಂದೆ ನಿಂತ. ಕ್ಲೌಡ್ ಸುಳ್ಳು ಹೇಳಿರಲಿಲ್ಲ. ಹೇಳಬೇಕಾದವರಿಗೆ ಹೇಳಿರಲಿಲ್ಲ, ಅಷ್ಟೇ.

ತಣ್ಣಗಿನ ದೊಡ್ಡ ಕೋಣೆ. ಒಂದು ಗೋಡೆಯ ತುಂಬ ಬೆಂಗಳೂರು. ಅದರ ಮೇಲೆ ಸಾವಿರಾರು ಚುಕ್ಕೆಗಳು ಹರಿದಾಡುತ್ತಿದ್ದವು. ಕಾರು, ಕಂಪನಿಯ ಕ್ಯಾಬು, ಬಸ್ಸು, ಕಸದ ಗಾಡಿ, ಪೀಣ್ಯದಿಂದ ಹೊರಟ ಲಾರಿ. ರಾಮಾಂಜಿನಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು. ಅಷ್ಟರಲ್ಲಿ ಹೊಸೂರು ರಸ್ತೆಯಲ್ಲಿ ಒಂದು ಚುಕ್ಕೆ ನಿಂತು ಕೆಂಪಾಯಿತು. ಅದರ ಹಿಂದಿನವು ನಿಧಾನವಾದವು. ಅವುಗಳ ಹಿಂದೆ ಬಹು ದೂರದಲ್ಲಿದ್ದವು, ಏನೂ ಕಾಣದ ದೂರದಲ್ಲಿದ್ದವು, ತಾವಾಗಿ ಬೇರೆ ದಾರಿಗೆ ಹೊರಳಿದವು. ಮುಂದೆ ಲಾರಿಯೊಂದು ಕೆಟ್ಟು ನಿಂತಿದೆ, ಮೊದಲು ಕಂಡ ಕಾರು ಕ್ಲೌಡಿಗೆ ಹೇಳಿತು, ಕ್ಲೌಡ್ ಉಳಿದವರಿಗೆ ಹೇಳಿತು ಎಂದ ಶ್ರೀಧರ. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಮೊದಲು ಕಂಡವನು ಹಿಂದೆ ಬರುವವರಿಗೆಲ್ಲ ಕೂಗಿ ಹೇಳಿದಂತೆ ಆಗಿತ್ತು.

ಮೋಡ ಎಲ್ಲಿದೆ ಎಂದು ಕೊನೆಗೆ ರಾಮಾಂಜಿನಪ್ಪನವರು ಕೇಳಿದರು. ಅದು ಆಕಾಶದಲ್ಲಿಲ್ಲ, ದೂರದೂರದ ಕಟ್ಟಡಗಳಲ್ಲಿ ಸಾಲಾಗಿ ಇಟ್ಟ ಸಾವಿರಾರು ಕಂಪ್ಯೂಟರುಗಳು, ಹಗಲೂ ರಾತ್ರಿ ಲೆಕ್ಕ ಹಾಕುತ್ತಿರುತ್ತವೆ ಎಂದ ಶ್ರೀಧರ. ನೀರಿನ ಟ್ಯಾಂಕಿನ ಮೇಲಿನ ಪುಟ್ಟ ಮೋಡಕ್ಕೆ ಅಷ್ಟು ದಿನ ಸಲ್ಲಿಸಿದ ಗೌರವವನ್ನೆಲ್ಲ ಅವರು ಅಲ್ಲಿಂದ ಎತ್ತಿ ಈ ಕಟ್ಟಡಗಳಿಗೆ ವರ್ಗಾಯಿಸಿದರು. ಗೌರವ ಕಡಿಮೆಯಾಗಲಿಲ್ಲ, ಇನ್ನಷ್ಟಾಯಿತು. ಸಿದ್ದಮ್ಮನಂತೂ ಗೋಡೆಯ ಮುಂದೆ ಹೋಗಿ ಎರಡೂ ಕೈಯೆತ್ತಿ ಮುಗಿದೇಬಿಟ್ಟಳು. “ಐತಿ ತಗೋ,” ಎಂದಳು ಮಗಳಿಗೆ.

“ಇಷ್ಟೊಂದ್ ಜನ ಎಲ್ಗೋಯ್ತಾವ್ರೆ?” ಎಂದು ಮರಿಯಮ್ಮ ಕೇಳಿದರು.

ಶ್ರೀಧರ ಒಂದು ಕೀಲಿ ಒತ್ತಿದ. ಎರಡು ಚುಕ್ಕೆಗಳ ಹೆಸರು ಅದಲು ಬದಲಾದವು. ವಾರಗಟ್ಟಲೆ ನಿಂತಿದ್ದ ಅವರೆಕಾಳಿನ ಸಾರು ಅಷ್ಟರಿಂದಲೇ ಮತ್ತೆ ಶುರುವಾಗುವುದಿತ್ತು.

ಕೆಳಗೆ ನೆಲಮಾಳಿಗೆಯಲ್ಲಿ ಕಾರು ನಿಂತಿದ್ದ ಜಾಗ ನೋಡಿ ರಾಮಾಂಜಿನಪ್ಪನವರು ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಬರುವಾಗ ಮೂತಿ ಗೋಡೆಗೆ ಮಾಡಿ ನಿಲ್ಲಿಸಿದ್ದರು. ಈಗ ಎಡಕ್ಕೆ ಕಂಬ, ಬಲಕ್ಕೆ ಯಾರದೋ ಹೊಳೆಯುವ ಕಾರು. ಹೊರಬರಲು ದಾರಿ ಹಿಂದಕ್ಕೆ ಮಾತ್ರ. ಹೇಮಲತಾ ತಾನು ತೆಗೆದುಕೊಡುತ್ತೇನೆ ಎಂದು ಕೈ ಚಾಚಿದಳು. ಮರಿಯಮ್ಮ ಬೇಡವೆಂದರು. ಚೀಲವನ್ನು ಅವಳ ಕೈಗೆ ಕೊಟ್ಟು, ಕಾರಿನ ಹಿಂದೆ ಹೋಗಿ, ಕಾಲು ಅಗಲಿಸಿ ನಿಂತರು.

“ನಾನಿವ್ನಿ. ಆ ಎಂಗ್ಸು ಏನಾದ್ರೂ ಯೋಳ್ಕೊಳ್ಲಿ, ನೀವು ನನ್ ಮಾತ್ ಕೇಳಿ. ಬರ್ಲಿ. ಬರ್ಲಿ. ಬಲಕ್ಕೆ ಒಸಿ. ಬರ್ಲಿ.”

ಕಾರಿನ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಇದ್ದಳು. ರಾಮಾಂಜಿನಪ್ಪನವರ ಒಂದು ಕಿವಿ ಅವಳಿಗೆ, ಇನ್ನೊಂದು ಮರಿಯಮ್ಮನಿಗೆ. ಕನ್ನಡಿಯಲ್ಲಿ ಮರಿಯಮ್ಮನವರ ಸೀರೆ ದೊಡ್ಡದಾಗುತ್ತ ಬಂತು. ಕಂಬ ಜಾರಿ ಮುಂದೆ ಹೋಯಿತು. ಕಾರು ಒಂದೇ ಉಸಿರಿಗೆ ಹೊರಬಂದು ನೇರವಾಗಿ ನಿಂತಿತು.

ಮರಿಯಮ್ಮನವರ ಫೋನು ಬಡಿದುಕೊಂಡಿತು. ಮೇಲಿಂದ ಶ್ರೀಧರ. ಗೋಡೆಯ ಮುಂದಿನವರೆಲ್ಲ ಕೆಲಸ ಬಿಟ್ಟು ಇವರ ಚುಕ್ಕೆಯನ್ನೇ ನೋಡುತ್ತ ನಿಂತಿದ್ದಾರಂತೆ.

“ಅಂಕಲ್‌ಗೆ ಹೇಳಿ ಆಂಟಿ. ಎಲ್ಲೂ ತಗಲಿಲ್ಲ. ನಾವೆಲ್ಲ ನೋಡಿದ್ವಿ,” ಎಂದ. ಅವನ ಹಿಂದೆ ಚಪ್ಪಾಳೆ ಕೇಳಿಸಿತು.

ರಾಮಾಂಜಿನಪ್ಪನವರು ಕಾರಿನಿಂದ ಇಳಿದು ಮೇಲೆ ನೋಡಿದರು. ನೆಲಮಾಳಿಗೆಯ ಸೂರು, ಒಂದು ದಪ್ಪ ಪೈಪು, ಅದರಿಂದ ತೊಟ್ಟಿಕ್ಕುವ ನೀರು. ಅವರು ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ, ಆ ಪೈಪಿಗೆ ಕೈಮುಗಿದು ನಿಂತರು.

ಮರಿಯಮ್ಮ ತಾವೂ ಒಮ್ಮೆ ಮೇಲೆ ನೋಡಿ, ಗಂಡನ ತೋಳು ಹಿಡಿದೆಳೆದರು.

“ಸಾಕು, ಎಕ್ಡ ಮೆಟ್ಕಳಿ. ಇಂದೆ ಗಾಡಿಗಳು ನಿಂತವೆ.”